ಪಟ್ಟಿಯಲ್ಲಿಲ್ಲದ ಸದ್ದು

ಒಂದು ಗೀರು, ಮೂಗಿನಿಂದ ಒಂದು ಗೇಣು ಮೇಲೆ, ಕೊಳವೆಯ ಬಿಳಿ ಚಾವಣಿಯಲ್ಲಿ ಉಗುರಿನಿಂದ ಎಳೆದಷ್ಟು ಸಣ್ಣದು — ಹನ್ನೊಂದು ವರ್ಷ ಈ ಸ್ಕ್ಯಾನ್ ಯಂತ್ರದ ಜೊತೆ ಏಗಿದ್ದಾನೆ, ಒರೆಸಿದ್ದಾನೆ, ಬೈದಿದ್ದಾನೆ, ಕೆಟ್ಟು ನಿಂತಾಗ ಬೆನ್ನು ತಟ್ಟಿ ಬುದ್ಧಿ ಹೇಳಿದ್ದಾನೆ, ಆದರೆ ಇಲ್ಲೊಂದು ಗೀರು ಇರುವುದು ಇವತ್ತೇ ಗೊತ್ತಾಗುತ್ತಿದೆ, ಗೊತ್ತಾಗಬೇಕಾದರೆ ಇಲ್ಲಿ ಮಲಗಬೇಕು, ದಿನಕ್ಕೆ ಹದಿನಾಲ್ಕು ಜನ ಮಲಗುತ್ತಾರೆ, ಒಬ್ಬರಾದರೂ ಹೇಳಬಾರದೇ — ಯಾರು ಎಳೆದಿರಬಹುದು, ಉಂಗುರ ತೆಗೆಯದೆ ಬಂದ ಯಾವುದೋ ಹೆಂಗಸು, ಇಲ್ಲ, ಉಂಗುರ ತೆಗೆಸದೆ ಅವನು ಯಾರನ್ನೂ ಈ ಕೋಣೆಯ ಒಳಗೆ ಬಿಟ್ಟವನಲ್ಲ, ಸರ, ಬಳೆ, ಕಿವಿಯದ್ದು, ಬೆಲ್ಟು, ಜೇಬಿನ ಚಿಲ್ಲರೆ, ಎಲ್ಲ ಬುಟ್ಟಿಗೆ ಹಾಕಿ ಎಂದು ಹೇಳಿ ಹೇಳಿ ನಾಲಿಗೆ ಸವೆದಿದೆ, ಇವತ್ತು ಅವನ ಕೈಕೆಳಗೆ ಕೆಲಸ ಕಲಿತ ಗುಬ್ಬಿ ಅವನಿಗೇ ಹೇಳಿದಳು, ಮೇಷ್ಟ್ರೇ, ಬೆಲ್ಟ್ ತೆಗೀರಿ, ನಿಮಗೇನು ಸ್ಪೆಷಲ್ಲಾ, ಅವನು ಬೆಲ್ಟು ತೆಗೆದು ಬೇಗ ಬೇಗ ಸುರುಳಿ ಸುತ್ತಿ ಬುಟ್ಟಿಗೆ ಹಾಕಿದ, ಅದರಲ್ಲಿ ಹೊಸದಾಗಿ ಮೊಳೆ ಹೊಡೆದು ಮಾಡಿದ ಎರಡು ತೂತು ಯಾರ ಕಣ್ಣಿಗೂ ಬೀಳದ ಹಾಗೆ. ಉಸಿರು ಎಳ್ಕೊಳ್ಳಿ — ಬಿಡಿ — ಹಾಗೇ ಹಿಡ್ಕೊಳ್ಳಿ, ಹೆಡ್‌ಫೋನಿನಲ್ಲಿ ಹೇಳುತ್ತಿರುವುದು ಅವನದೇ ದನಿ, ಕಂಪನಿಯವರು ಯಂತ್ರದ ಜೊತೆ ಕೊಟ್ಟ ದನಿ ಯಾರದೋ ಹೆಂಗಸಿನದು, ರೈಲು ಹೊರಟಿತು ಎಂದು ಕೂಗುವವಳ ಹಾಗೆ, ಅಜ್ಜಿಯರು ಗಾಬರಿಬಿದ್ದು ಎದ್ದು ಕೂರುತ್ತಿದ್ದರು, ಆಗ ಇವನೇ ಹಾಸಿಗೆ ಬಟ್ಟೆಯ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿ ರೆಕಾರ್ಡು ಮಾಡಿದ್ದು, ಅವತ್ತೇ ನೆಗಡಿ, ಹೆಂಡತಿ ಕೇಳಿ ಬಿದ್ದು ಬಿದ್ದು ನಕ್ಕಳು, ಮೂಗು ಸೀನ್ಕೊಂಡಾದ್ರೂ ಹೇಳಬಾರ್ದಿತ್ತೇನ್ರೀ. ಈಗ ಆ ನೆಗಡಿಯ ದನಿ ಹೇಳಿದ ಹಾಗೆ ಅವನು ಉಸಿರು ಹಿಡಿದು ಮಲಗಿದ್ದಾನೆ, ಪಾಪ, ಇಷ್ಟು ಹೊತ್ತು ಹಿಡಿಸುತ್ತಿದ್ದೆನಾ ಜನರ ಕೈಲಿ, ಇಷ್ಟು ಹೊತ್ತಾ.

ಹೊಟ್ಟೆ ಬಿಮ್ಮೆನ್ನುತ್ತಿದೆ, ಒಂದೂವರೆ ಲೀಟರು ಇಳಿಸಿದ್ದಾನೆ, ನೀರಲ್ಲ, ಸಿಹಿಸಿಹಿಯಾದ ಲೋಳೆ, ಕರುಳನ್ನು ಒಳಗಿನಿಂದ ಉಬ್ಬಿಸಲು, ಇಲ್ಲದಿದ್ದರೆ ಅದು ನೀರಿಲ್ಲದ ಪೈಪಿನ ಹಾಗೆ ಮುದುಡಿಕೊಂಡು ಬಿದ್ದಿರುತ್ತದೆ, ಯಾವುದು ಮಡಿಕೆ, ಯಾವುದು ಕಾಯಿಲೆ, ಬೇರೆ ಮಾಡುವುದು ಹೇಗೆ — ಮಿದುಳು ಸಾಧು, ಮಂಡಿ ಸಾಧು, ಮಲಗಿಸಿದಲ್ಲಿ ಮಲಗಿರುತ್ತವೆ, ಕರುಳಿನದು ಮಾತ್ರ ಸುಮ್ಮನೆ ಕೂರುವ ಜಾಯಮಾನವೇ ಅಲ್ಲ, ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಟ್ಟೆಯ ಚಿತ್ರ ತೆಗೆದರೆ ಬರೀ ಮಂಜು, ಹೊಟ್ಟೆಗೆ ಇದು ಆಗಿಬರೋದಿಲ್ಲ ಬಿಡಿ ಎಂದೇ ಎಲ್ಲರೂ ಹೇಳುತ್ತಿದ್ದರು, ಆಮೇಲೆ ಇಂಜೆಕ್ಷನ್ ಕೊಟ್ಟು ಕರುಳನ್ನು ಅರ್ಧ ಗಂಟೆ ತೆಪ್ಪಗೆ ಮಲಗಿಸಿ ತೆಗೆಯುವುದು ಬಂತು, ಈಗ ನೋಡಿದರೆ ಲೆಕ್ಕವೇ ಉಲ್ಟಾ, ನಿಲ್ಲಿಸುವುದೇ ಬೇಡ, ಓಡಾಡಲಿ, ಆ ಓಡಾಟವನ್ನೇ ಸಿನಿಮಾ ತೆಗೆಯುತ್ತೇವೆ, ಉಸಿರಾಟದ ಏರಿಳಿತವನ್ನು ಕಂಪ್ಯೂಟರು ತಾನೇ ಕಳೆದು ಬಿಸಾಡುತ್ತದೆ, ಅಲುಗುವ ಕಡೆಗೆಲ್ಲ ಕೆಂಪು, ಅಲುಗದ ಕಡೆ ನೀಲಿ, ಸಣ್ಣ ಮಕ್ಕಳ ಬಣ್ಣದ ಪುಸ್ತಕದಷ್ಟು ಸಲೀಸು, ಕೊಯ್ಯುವುದಿಲ್ಲ, ತೂರಿಸುವುದಿಲ್ಲ, ಕಿರಣ ಗಿರಣ ಏನೂ ಇಲ್ಲ — ಅಪ್ಪನ ಕಾಲಕ್ಕೆ ಇದೆಲ್ಲಿತ್ತು, ಅಪ್ಪನಿಗೆ ಊಟವಾದ ಮೇಲೆ ಹೊಟ್ಟೆ ಹಿಂಡುತ್ತಿತ್ತು, ತಿಂಗಳುಗಟ್ಟಲೆ ಹಿಂಡಿತು, ಕಡೆಗೆ ಡಾಕ್ಟರು, ಕೊಯ್ದು ನೋಡ್ಬೇಕು, ಅಂದರು, ಕೊಯ್ದರು, ನೋಡಿದರು, ಮುಚ್ಚಿ ಹೊಲಿದರು, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ ಅಮ್ಮನ ಹತ್ತಿರ ಬಂದು ಕೈ ಒರೆಸಿಕೊಳ್ಳುತ್ತಾ, ಸ್ವಲ್ಪ ಮೊದ್ಲೇ ಬಂದಿದ್ರೆ, ಎಂದು ಅರ್ಧ ಮಾತು ಹೇಳಿ ಹೋದರು, ಅಪ್ಪನಿಗೆ ಆಗ ಐವತ್ತೊಂದು. ಅವನಿಗೆ ಮುಂದಿನ ತಿಂಗಳು ಐವತ್ತೊಂದು ತುಂಬುತ್ತದೆ.

ಮರಕುಟಿಗ ನಿಂತಿತು, ಈಗ ಶುರುವಾಗುವುದು ಹೊಲಿಗೆ ಮಿಷನ್ನು, ಹಾ, ಶುರುವಾಯಿತು, ಝಿರ್ರ್ ಝಿರ್ರ್ ಝಿರ್ರ್ — ಈ ಹೆಸರುಗಳೆಲ್ಲ ಅವನೇ ಇಟ್ಟದ್ದು, ಯಂತ್ರ ಒಂದೊಂದು ಬಗೆಯ ಚಿತ್ರಕ್ಕೂ ಒಂದೊಂದು ಸದ್ದು ಮಾಡುತ್ತದೆ, ಹೊಸದಾಗಿ ಬಂದವರಿಗೆ ಪುಸ್ತಕದ ಹೆಸರು ಬಾಯಿಗೆ ಬರುವುದಿಲ್ಲ, ಮೊದಲು ಕಿವಿಯಲ್ಲಿ ಕಲೀರಿ, ಟಕ ಟಕ ಅಂದ್ರೆ ಮರಕುಟಿಗ, ಅದು ಹೊಟ್ಟೆಯ ನಕ್ಷೆ, ಝಿರ್ರ್ ಅಂದ್ರೆ ಹೊಲಿಗೆ ಮಿಷನ್ನು, ಅದು ಸಿನಿಮಾ, ಧಡಧಡ ಅಂತ ಎದೆ ನಡುಗಿಸಿದ್ರೆ ಕಲ್ಲುಕುಟಿಗ — ಗೋಡೆಯ ಮೇಲೆ ಇವತ್ತಿನ ಪಟ್ಟಿ ಅವನೇ ಅಂಟಿಸಿದ್ದಾನೆ, ಮರಕುಟಿಗ ಎರಡು, ಹೊಲಿಗೆ ಮಿಷನ್ನು ಎರಡು, ಮುಂದಿನಿಂದ ಒಂದು ಪಕ್ಕದಿಂದ ಒಂದು, ಅಲ್ಲಿಗೆ ಮುಗಿಯಿತು, ಇಪ್ಪತ್ತು ನಿಮಿಷ, ಎದ್ದು ಪ್ಯಾಂಟು ಹಾಕಿಕೊಳ್ಳುವುದು. ಹೊಸ ವಿಧಾನ ಬಂದರೆ ರೋಗಿಗಳಿಗೆ ಮಾಡುವ ಮೊದಲು ನಮ್ಮವರೇ ಒಬ್ಬರು ಮಲಗಬೇಕು, ಅದು ಈ ವಿಭಾಗದ ಪದ್ಧತಿ, ಗುಬ್ಬಿ ಮಂಡಿ ಕೊಟ್ಟಿದ್ದಾಳೆ, ಕಾವಲಿನವನು ಬೆನ್ನು ಕೊಟ್ಟಿದ್ದಾನೆ, ಈ ಸಲ ಬೇಕಾದ್ದು ಒಂದು ಆರೋಗ್ಯವಾದ ಕರುಳು, ಯಾರು ಮಲಗ್ತೀರಿ ಎಂದು ಕಂಪನಿಯಿಂದ ಬಂದ ಹುಡುಗ ಕೇಳಿದ, ಎಲ್ಲರೂ ಅವರಿವರ ಮುಖ ನೋಡುತ್ತಿದ್ದಾಗ ಇವನು ಎದೆ ತಟ್ಟಿಕೊಂಡ, ನನ್ನದು ಕಲ್ಲು ತಿಂದು ಕರಗಿಸೋ ಹೊಟ್ಟೆ ಕಣ್ರಯ್ಯಾ, ನೀವೆಲ್ಲ ಹುಡುಗ್ರು ಪಕ್ಕಕ್ಕೆ ನಿಲ್ಲಿ. ಹುಡುಗ ಕಂಪ್ಯೂಟರಿನಲ್ಲಿ ಹೆಸರಿನ ಜಾಗದಲ್ಲಿ ಬರೆದ, ಆರೋಗ್ಯವಂತ ಒಂದು. ಎದೆ ತಟ್ಟಿಕೊಳ್ಳುವಾಗ ಒಳಗೊಬ್ಬ ಬೇರೆಯವನು ಕೂತು ಬೇರೆ ಮಾತಾಡುತ್ತಿದ್ದ, ಹೀಗಾದರೂ ಯಾರಿಗೂ ಗೊತ್ತಾಗದ ಹಾಗೆ ಒಮ್ಮೆ ನೋಡಿದ ಹಾಗೆ ಆಗುತ್ತದೆ, ಏನೂ ಇಲ್ಲ ಎಂದು ಕಣ್ಣಾರೆ ಕಂಡರೆ ಹೇಳಿದ ಸುಳ್ಳೂ ನಿಜವಾಗುತ್ತದೆ.

ಹೊಟ್ಟೆಯ ಸ್ಕ್ಯಾನಿಗೆ ಕಾಲು ಮೊದಲು ಒಳಗೆ ಹೋಗುತ್ತದೆ, ತಲೆ ಕೊಳವೆಯ ಬಾಯಿಯ ಹತ್ತಿರವೇ ಉಳಿಯುತ್ತದೆ, ಕತ್ತು ಒಂಚೂರು ಹಿಂದಕ್ಕೆ ಚಾಚಿ ಕಣ್ಣು ಮೇಲಕ್ಕೆ ತಿರುಗಿಸಿದರೆ ಆಚೆ ಕೋಣೆಯ ಗಾಜು ಕಾಣುತ್ತದೆ, ತಲೆಕೆಳಗಾಗಿ, ಗಾಜಿನ ಮೇಲೆ ಪರದೆಯ ಬೆಳಕು, ಆ ಬೆಳಕಿನಲ್ಲಿ ಎರಡು ತಲೆ, ಕೆಳಗೆ ಕೂದಲು ಮೇಲೆ ಗಲ್ಲ, ಒಂದು ಗುಬ್ಬಿಯದು, ಇನ್ನೊಂದು ಕಂಪನಿ ಹುಡುಗನದು, ಹುಡುಗ ಏನೋ ಮೆಲ್ಲುತ್ತಿದ್ದಾನೆ, ದವಡೆ ಮೇಲೆ ಇದ್ದು ಆಡುವುದು ನೋಡಲು ತಮಾಷೆ, ಗುಬ್ಬಿಯ ಜಡೆ ಆಕಾಶಕ್ಕೆ ನೇತಾಡುತ್ತಿದೆ, ನೋಡು ನೋಡು ಗುಬ್ಬಿ, ನಿನ್ನ ಮೇಷ್ಟ್ರ ಕರುಳು ಹೇಗೆ ಕುಣಿಯುತ್ತೆ ನೋಡು, ಮೊದಲ ಸಲ ಆ ಸಿನಿಮಾ ನೋಡಿದಾಗ ಅವನೇ ಬಾಯಿ ಬಿಟ್ಟುಕೊಂಡು ನಿಂತಿದ್ದ, ಯಾರೋ ಬೇರೆ ಆಸ್ಪತ್ರೆಯವರದು, ಬಳುಕುತ್ತಾ, ಹಿಂಡುತ್ತಾ, ಒಂದು ಸುರುಳಿ ಇನ್ನೊಂದಕ್ಕೆ ದಾಟಿಸುತ್ತಾ, ಯಾರ ಅಪ್ಪಣೆಗೂ ಕಾಯದೆ, ಒಳಗೆ ಇಷ್ಟು ಸಡಗರ ನಡೆಯುತ್ತಿರುತ್ತೆ, ನಾವು ನೋಡಿದ್ರೆ ಮೇಲೆ ಬೆಲ್ಟು ಬಿಗೀತಾ ಕೂತಿರ್ತೀವಿ, ಎಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದ, ಆಮೇಲೆ ಅದೇ ಸಿನಿಮಾದಲ್ಲಿ ಒಂದು ಕಡೆ ನೀಲಿ, ಕೈಬೆರಳಿನಷ್ಟು ಉದ್ದ, ಸುತ್ತಲೂ ಎಲ್ಲ ಕುಣಿಯುವಾಗ ಅದೊಂದು ಮರದ ತುಂಡಿನ ಹಾಗೆ ಬಿದ್ದಿತ್ತು, ಅದಕ್ಕೇ ಈ ವಿಧಾನ ಬಂದದ್ದು, ನಿಂತ ಚಿತ್ರದಲ್ಲಿ ಅದು ಬರೀ ಮಡಿಕೆಯ ಹಾಗೆ ಕಾಣುತ್ತಿತ್ತು, ಅದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಎರಡನೇ ಹೊಲಿಗೆ ಮಿಷನ್ನು ಮುಗಿಯುತ್ತಾ ಬಂತು, ಝಿರ್ರ್ ಝಿರ್ರ್, ಹುಡುಗನ ದವಡೆ ಆಡುವುದು ನಿಂತಿದೆ.

ನಿಂತಿತು, ಎಲ್ಲ ನಿಂತಿತು, ಯಂತ್ರವನ್ನು ತಣ್ಣಗಿಡುವ ಪಂಪಿನ ಚಿರ್ಪ್ ಚಿರ್ಪ್ ಒಂದೇ ಉಳಿದಿದೆ, ಈಗ ಮಂಚ ಹೊರಗೆ ಸರಿಯಬೇಕು, ಸರಿಯಲಿಲ್ಲ, ಎಣಿಸೋಣ, ಹತ್ತು, ಇಪ್ಪತ್ತು, ಹುಡುಗಿ ಚಿತ್ರ ಉಳಿಸುತ್ತಿರಬೇಕು, ಅವಳಿಗೆ ಎಲ್ಲ ಎರಡೆರಡು ಸಲ ಉಳಿಸುವ ಚಟ, ಮೂವತ್ತು, ಹೆಡ್‌ಫೋನು ಕರಕರ ಎಂದಿತು, ಮೇಷ್ಟ್ರೇ — ಈಗೊಂದು ಕುಚೇಷ್ಟೆ ಮಾಡುತ್ತಾಳೆ, ಕಲ್ಲೆಲ್ಲಿ ಮೇಷ್ಟ್ರೇ, ಒಂದೂ ಕಾಣಿಸ್ತಿಲ್ಲ, ಅಂತಾಳೆ, ಅವನು ನಗಲು ತಯಾರಾಗಿಯೇ ಇದ್ದ — ಚಿತ್ರ ಚೆನ್ನಾಗಿ ಬರ್ತಾ ಇದೆ, ಇನ್ನು ಸ್ವಲ್ಪ ಹೊತ್ತು, ಹಾಗೇ ಮಲಗಿರಿ. ಚಿತ್ರ ಚೆನ್ನಾಗಿ ಬರ್ತಾ ಇದೆ, ಇನ್ನು ಸ್ವಲ್ಪ ಹೊತ್ತು, ಹಾಗೇ ಮಲಗಿರಿ, ಇದು ಅವಳ ಮಾತಲ್ಲ, ಇದು ಅವನ ಮಾತು, ಅವನೇ ಕೂರಿಸಿಕೊಂಡು ಕಲಿಸಿದ್ದು, ಅವಳು ಸೇರಿದ ಮೊದಲನೇ ವಾರ ಒಬ್ಬ ಹೆಂಗಸಿನ ಚಿತ್ರ ನೋಡಿ ಮೈಕು ಹಾಕಿಕೊಂಡೇ ಅಯ್ಯಯ್ಯೋ ಎಂದುಬಿಟ್ಟಿದ್ದಳು, ಅವತ್ತು ಸಂಜೆ ಅವನು ಹೇಳಿದ, ನೋಡು ಗುಬ್ಬಿ, ಚೆನ್ನಾಗಿರೋರಿಗೆ ಏನು ಬೇಕಾದ್ರೂ ಹೇಳು, ಮುಗೀತು ಅನ್ನು, ಜೋಕ್ ಹೊಡಿ, ಏನಾದ್ರೂ ಕಂಡಾಗ ಮಾತ್ರ ಈ ಒಂದೇ ಮಾತು, ಇದ್ರಲ್ಲಿ ಸುಳ್ಳಿಲ್ಲ, ಚಿತ್ರ ಚೆನ್ನಾಗೇ ಬಂದಿರುತ್ತೆ, ಹೊಟ್ಟೆ ಚೆನ್ನಾಗಿದೆ ಅಂತ ನಾವೇನು ಹೇಳಲಿಲ್ಲವಲ್ಲ. ಅವಳು ಪಾಠದ ಹಾಗೆ ಒಪ್ಪಿಸಿ ತೋರಿಸಿದ್ದಳು, ಚೆನ್ನಾಗಿ ಹೇಳಿದ್ದಳು, ಈಗಲೂ ಎಷ್ಟು ಚೆನ್ನಾಗಿ ಹೇಳಿದಳು, ದನಿ ಒಂದಿಷ್ಟೂ ನಡುಗಲಿಲ್ಲ, ಭಲೇ, ಏನೇ ಅದು, ಏನು ಕಂಡೆ, ಯಾರ ಹತ್ತಿರ ನಾಟಕ ಆಡ್ತಿದ್ದೀಯ, ಎಂದು ಕೂಗಬೇಕು, ಕೂಗಿದರೆ ಹೊಟ್ಟೆ ಅಲುಗುತ್ತದೆ, ಚಿತ್ರ ಕೆಡುತ್ತದೆ.

ಧಡಧಡಧಡಧಡ — ಕಲ್ಲುಕುಟಿಗ. ಪಟ್ಟಿಯಲ್ಲಿ ಇರಲಿಲ್ಲ, ಅವನೇ ಬರೆದ ಪಟ್ಟಿ, ಮರಕುಟಿಗ ಎರಡು, ಹೊಲಿಗೆ ಮಿಷನ್ನು ಎರಡು, ಇದು ಎಲ್ಲೂ ಇರಲಿಲ್ಲ, ಇದನ್ನು ಆರೋಗ್ಯವಂತರಿಗೆ ಮಾಡುವುದಿಲ್ಲ, ಒಂದು ಜಾಗ ಸಿಕ್ಕ ಮೇಲೆ, ಅದು ಏನು, ಊತವೋ, ಹಳೆಯ ಗಾಯ ಗಟ್ಟಿಯಾದದ್ದೋ, ಇನ್ನೊಂದೋ ಎಂದು ತಿಳಿಯಲು ಮಾಡುವುದು, ಮಂಚ ನಡುಗುತ್ತಿದೆ, ಹಲ್ಲು ನಡುಗುತ್ತಿದೆ, ಯಂತ್ರದಿಂದಲೋ ಇವನಿಂದಲೋ, ಇನ್ನೊಂದು ಎಂದರೆ ಇನ್ನೊಂದೇ, ಅದರ ಹೆಸರು ಈಗ ಬೇಡ, ಹಾಗಾದರೆ ಇದೆ, ಇದೆಯಾ, ನನ್ನ ಹೊಟ್ಟೆಯಲ್ಲಾ, ಗೊತ್ತಿತ್ತಲ್ಲ ನಿನಗೆ, ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ, ಗ್ಯಾಸು ಎಂದುಕೊಂಡೆ, ವಯಸ್ಸು ಎಂದುಕೊಂಡೆ, ಮೂರು ತಿಂಗಳಿಂದ ಊಟವಾಗಿ ಅರ್ಧ ಗಂಟೆಗೆ ಸರಿಯಾಗಿ ಬಲಗಡೆ ಕೆಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ, ಆಮೇಲೆ ಗುಳುಗುಳು ಸದ್ದು, ಮಗಳು ಓದುವುದು ಬಿಟ್ಟು ತಲೆಯೆತ್ತಿ, ಅಪ್ಪಾ, ನಿಮ್ ಹೊಟ್ಟೆ ಏನೋ ಹೇಳ್ತಿದೆ ನೋಡಿ, ಮೂವರೂ ನಕ್ಕರು, ಹೆಂಡತಿ ಮೊದಲು ನಗುವುದು ನಿಲ್ಲಿಸಿದಳು, ರೀ, ಅಂಗಿ ಯಾಕೆ ಇಷ್ಟು ದೊಗಳೆ ಆಗಿದೆ, ಒಗೆದೂ ಒಗೆದೂ ಹಿಗ್ಗಿದೆ ಕಣೇ, ಅಂಗಿ ಹಿಗ್ಗುತ್ತೆ ಸರಿ, ಕೊರಳ ಮೂಳೆಯೂ ಹಿಗ್ಗುತ್ತಾ, ನಿಮ್ಮ ಕೈಯಲ್ಲೇ ಯಂತ್ರ ಇದೆ, ಊರವರಿಗೆಲ್ಲ ತೆಗೀತೀರಿ, ನಿಮ್ಮದೊಂದು ತೆಗೆಸ್ಕೊಳ್ಳೋಕೆ ಏನು ಧಾಡಿ, ದಿನಾ ಬೆಳಿಗ್ಗೆ ಅದೇ, ಬಸ್ಸಿನಲ್ಲಿ ಅದೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ದಾಖಲೆ ವಿಭಾಗಕ್ಕೆ ಮೇಲೆ ಹತ್ತುವಾಗ, ಇವನು ಸ್ಕ್ಯಾನಿಗೆ ಕೆಳಗೆ ಇಳಿಯುವಾಗ, ತಿರುಗಿ ನಿಂತು ಅದೇ. ತಲೆ ತಿನ್ನಬೇಡ ಮಾರಾಯ್ತಿ ಎಂದು ಒಂದು ದಿನ ರೇಗಿಯೂ ಬಿಟ್ಟ.

ಅದು ತಪ್ಪಲ್ಲ, ರೇಗಿದ್ದು ತಪ್ಪಲ್ಲ, ತಪ್ಪು ಆಮೇಲೆ ಮಾಡಿದ್ದು, ಧಡಧಡಧಡ, ತಡಿ, ಸ್ವಲ್ಪ ತಡಿ ಮಾರಾಯಾ — ಒಂದು ಬುಧವಾರ ಮನೆಗೆ ಹೋಗಿ, ಮಾಡಿಸ್ಕೊಂಡೆ ಕಣೇ, ಅಂದ, ಗುಬ್ಬಿ ಕೈಲೇ ಮಾಡಿಸ್ಕೊಂಡೆ, ಏನಂದ್ರೆ ಏನೂ ಇಲ್ಲ, ಅವಳು ನಂಬಲಿಲ್ಲ, ಎಲ್ಲಿ ತೋರಿಸಿ, ಅವಳು ದಾಖಲೆ ವಿಭಾಗದವಳು, ಬಾಯಿಮಾತು ಅವಳಿಗೆ ಸಾಲದು, ಕಾಗದ ಬೇಕು, ಕಾಗದ ತಾನೇ, ತಂದ, ಮರುದಿನವೇ ತಂದ, ಯಾರೋ ಕಾಲೇಜು ಹುಡುಗನ ಹೊಟ್ಟೆ, ಓಟಗಾರ, ತೊಳೆದಿಟ್ಟ ಹಾಗಿದ್ದ ಕರುಳು, ಮೂಲೆಯ ಹೆಸರು ಕತ್ತರಿಸಿ ತೆಗೆದು ಚಿತ್ರ ಮಾತ್ರ ತಂದು ಅವಳ ಕೈಗೆ ಕೊಟ್ಟ, ಸ್ಕ್ಯಾನ್ ತೆಗೆಯುವವನಲ್ಲದೆ ಇನ್ಯಾರು ಮಾಡಿಯಾರು ಇಂಥ ಕೆಲಸ, ಬೀಗದ ಕೈ ಕಳ್ಳನ ಕೈಯಲ್ಲೇ ಇತ್ತು, ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಕನ್ನಡಕ ಇಳಿಸಿ ನೋಡಿದಳು, ಬೆರಳಿನಿಂದ ಸುರುಳಿಯ ಜಾಡು ಹಿಡಿದು ನೋಡಿದಳು, ಎಷ್ಟು ನೀಟಾಗಿದೆ ರೀ ನಿಮ್ಮ ಹೊಟ್ಟೆ, ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು, ಸದ್ಯ, ಅಂದಳು, ಸದ್ಯ, ಇನ್ನೊಮ್ಮೆ ಅಂದಳು, ಅದನ್ನು ಬೀರುವಿನಲ್ಲಿ ಮನೆಪತ್ರ, ಮಗಳ ಜನನ ಪತ್ರ ಇಟ್ಟಿರುವ ಕಡೆ ಒಂದು ಲಕೋಟೆಯಲ್ಲಿಟ್ಟು ಮೇಲೆ ಅವನ ಹೆಸರು, ತಾರೀಖು ಬರೆದಳು. ನಾಚಿಕೆ, ಈಗ ಆಗುತ್ತಿರುವಷ್ಟು ನಾಚಿಕೆ ಅವತ್ತು ಆಗಿದ್ದರೆ ಬದುಕುತ್ತಿದ್ದೆನೇನೋ, ಛೆ, ಬಿಡ್ತು ಅನ್ನು, ಯಾರು ಸತ್ತರು ಈಗ, ಯಾಕೆ ಹಾಗೆ ಮಾಡಿದೆ ಎಂದರೆ ಹೆದರಿಕೆ, ಅಷ್ಟೇ, ಬೇರೆ ದೊಡ್ಡ ಕಾರಣ ಏನೂ ಇಲ್ಲ, ನಾಲ್ಕು ಸಾವಿರ ಹೊಟ್ಟೆ ನೋಡಿದವನಿಗೆ ತನ್ನದೊಂದು ನೋಡಲು ಹೆದರಿಕೆ.

ಮತ್ತೆ ನಿಂತಿತು. ಕಣ್ಣು ಮೇಲಕ್ಕೆ ತಿರುಗಿಸಬೇಡ, ತಿರುಗಿಸಬೇಡ ಎನ್ನುತ್ತಲೇ ತಿರುಗಿಸಿದ, ಮೂರು ತಲೆ. ತಲೆಕೆಳಗಾಗಿ ಮೂರು ತಲೆ, ಮೂರನೆಯದು ಬೆಳ್ಳಿಗೂದಲಿನದು, ಡಾಕ್ಟರಮ್ಮ, ಚಿತ್ರ ಓದುವವರು, ಎರಡೂ ಮಂಡಿ ಸವೆದಿವೆ, ಎರಡನೇ ಮಹಡಿಯಲ್ಲಿ ಕೂತು ಅಲ್ಲಿಂದಲೇ ಓದುತ್ತಾರೆ, ಮೇಷ್ಟ್ರೇ, ನನ್ನನ್ನ ಕೆಳಗೆ ಕರೆಸ್ಬೇಡಿ, ನಾನು ಇಳಿದ್ರೆ ಹತ್ತಬೇಕಾಗುತ್ತೆ, ಎನ್ನುವವರು, ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಇಳಿದಿರಬಹುದು, ಆರು, ಏಳು, ಆ ಏಳೂ ಜನರ ಮುಖ ಅವನಿಗೆ ನೆನಪಿದೆ, ಬೇಡ, ಮುಖ ಬೇಡ, ಅವರು ಬೆರಳಿನಿಂದ ಪರದೆ ತೋರಿಸುತ್ತಿದ್ದಾರೆ, ಬೆರಳು ಒಂದೇ ಕಡೆ ನಿಂತಿದೆ, ಕಂಪನಿ ಹುಡುಗ ಎದ್ದು ಗೋಡೆಗೆ ಒರಗಿ ನಿಂತ, ತನ್ನ ಹೊಸ ಸಿನಿಮಾ ಇಷ್ಟು ಚೆನ್ನಾಗಿ ಕೆಲಸ ಮಾಡೀತು ಎಂದು ಪಾಪ ಅವನೂ ಎಣಿಸಿರಲಿಲ್ಲ, ಬಲಗಡೆ ಕೆಳಗೆ ಇರಬೇಕು, ಸಣ್ಣ ಕರುಳು ಮುಗಿದು ದೊಡ್ಡದು ಶುರುವಾಗುವಲ್ಲಿ, ಹಿಂಡುವುದು ಅಲ್ಲೇ, ನೀಲಿ ಎಷ್ಟು ಉದ್ದ ಇದೆ, ಬೆರಳಿನಷ್ಟಾ, ಗೇಣಾ, ಗುಬ್ಬಿ, ಈ ಕಡೆ ತಿರುಗು, ಒಂದೇ ಒಂದು ಸಲ ಇಲ್ಲಿ ನೋಡು, ತಿರುಗುತ್ತಿಲ್ಲ, ತಿರುಗುವುದಿಲ್ಲ, ಅದನ್ನೂ ಅವನೇ ಕಲಿಸಿದ್ದು, ಏನಾದ್ರೂ ಕಂಡಾಗ ಗಾಜಿನ ಕಡೆ ನೋಡ್ಬೇಡ, ಮುಖ ಎಲ್ಲಾ ಹೇಳಿಬಿಡುತ್ತೆ. ಮೂರು ತಲೆ, ಮೂರೂ ಒಂದೇ ಕಡೆ ಬಾಗಿವೆ.

ಮೇಷ್ಟ್ರೇ, ನಾನು ಡಾಕ್ಟರು, ಹೆಡ್‌ಫೋನಿನಲ್ಲಿ ಈಗ ಅವರ ದನಿ, ಮೆತ್ತಗೆ, ಇಷ್ಟು ಮೆತ್ತಗೆ ಅವರು ಯಾವತ್ತು ಮಾತಾಡಿದ್ದರು, ಒಂದು ಕಡೆ ಸ್ವಲ್ಪ ಸಂಶಯ ಇದೆ, ಇಂಜೆಕ್ಷನ್ ಕೊಟ್ಟು ಇನ್ನೊಂದೆರಡು ಚಿತ್ರ ನೋಡಿಬಿಡೋಣ, ಆಯ್ತಾ, ಈಗಲೇ ಏನೂ ಅಂದುಕೋಬೇಡಿ, ಆಯ್ತು ಮೇಡಂ ಎಂದ, ಆಯ್ತು ಎಂದು ಹೇಳಿದ್ದು ಯಾರು, ಎಷ್ಟು ಮರ್ಯಾದೆಯಿಂದ ಹೇಳಿದ, ರೋಗಿಗಳೆಲ್ಲ ಹೀಗೇ ಹೇಳುತ್ತಾರೆ, ಆಯ್ತು ಮೇಡಂ, ಆಯ್ತು ಸಾರ್, ಅವರಿಗೆ ಅರ್ಥವಾಗಿಲ್ಲ ಎಂದುಕೊಳ್ಳುತ್ತಿದ್ದ, ಅರ್ಥವಾಗಿಯೇ ಹೇಳುತ್ತಿದ್ದರು. ಇಂಜೆಕ್ಷನ್ ಎಂದಾಗ ಇನ್ನೊಂದು ನೆನಪಾಯಿತು, ನಿಧಾನವಾಗಿ ನೆನಪಾಯಿತು, ಫೈಲು ಇಲ್ಲದವರಿಗೆ ಇಂಜೆಕ್ಷನ್ ಇಲ್ಲ, ಪರೀಕ್ಷೆಗೆ ಮಲಗಿದ ಆರೋಗ್ಯವಂತನಿಗೆ ಫೈಲು ಇರುವುದಿಲ್ಲ, ಅವನು ರೋಗಿಯಾಗಬೇಕಾದರೆ ಅವನ ಹೆಸರಿನಲ್ಲಿ ಹೊಸ ಫೈಲು ತೆರೆಯಬೇಕು, ತೆರೆಯುವುದು ಮೇಲಿನ ದಾಖಲೆ ವಿಭಾಗದಲ್ಲಿ, ಎರಡು ಕಿಟಕಿ, ಒಂದರ ಗುಮಾಸ್ತ ಇವತ್ತು ರಜೆ, ಇನ್ನೊಂದರಲ್ಲಿ — ರಬ್ಬರ್ ಚೆಂಡು, ಎಲ್ಲಿ ಕೈಯಲ್ಲಿದ್ದ ರಬ್ಬರ್ ಚೆಂಡು, ತೊಂದರೆಯಾದರೆ ಒತ್ತಿ ಎಂದು ಎಲ್ಲರ ಕೈಗೂ ಕೊಡುವುದು, ಒತ್ತಿದ, ಬಿಡದೆ ಒತ್ತಿದ, ಏನಾಯ್ತು ಮೇಷ್ಟ್ರೇ, ಗುಬ್ಬಿ, ಫೈಲು ಬೇಡ, ಏನು ಮೇಷ್ಟ್ರೇ, ಫೈಲು ಮಾಡಿಸ್ಬೇಡ ಅಂದೆ, ಡಾಕ್ಟರಮ್ಮ ಆಗಲೇ ಕಂಪ್ಯೂಟರಲ್ಲಿ ಕಳಿಸಿಬಿಟ್ರು ಮೇಷ್ಟ್ರೇ, ಈಗ ಅವಳ ದನಿ ನಡುಗಿತು, ಪಾಠ ಮರೆತುಹೋಯಿತು ಹುಡುಗಿಗೆ, ಅಕ್ಕನೇ ಇರ್ತಾರಲ್ವಾ ಅಲ್ಲಿ, ನಂಗೆ ಹೊಳೀಲೇ ಇಲ್ಲ, ಅಳಬೇಡ ಗುಬ್ಬಿ, ಎಂದು ಅವನೇ ಸಮಾಧಾನ ಹೇಳಿದ.

ಗಂಟೆ ಎಷ್ಟಿರಬಹುದು, ಒಂದೂವರೆ ದಾಟಿದ್ದರೆ ಹೆಂಡತಿ ಊಟಕ್ಕೆ ಎದ್ದಿರುತ್ತಾಳೆ, ಎದ್ದಿರಲಿ, ದೇವರೇ, ಇವತ್ತೊಂದು ದಿನ ಬೇಗ ಹಸಿವಾಗಲಿ ಅವಳಿಗೆ, ಬೆಳಿಗ್ಗೆ ಅವನಿಗೂ ಡಬ್ಬಿ ಕಟ್ಟಿ ಕೊಟ್ಟಳು, ಪೂರ್ತಿ ತಿನ್ನಿ, ವಾಪಸ್ ತರಬೇಡಿ ಎಂದಳು, ಅದು ಆಸ್ಪತ್ರೆಯ ಇವನ ಲಾಕರಿನಲ್ಲಿ ಹಾಗೇ ಇದೆ, ಇಲ್ಲ, ಎದ್ದಿರುವುದಿಲ್ಲ, ಕಿಟಕಿಯಲ್ಲಿ ಜನ ಇದ್ದರೆ ಅವಳು ಏಳುವವಳಲ್ಲ, ಕಂಪ್ಯೂಟರಿನಲ್ಲಿ ಗಂಟೆ ಬಾರಿಸಿರುತ್ತದೆ, ಹೊಸ ಫೈಲು, ತುರ್ತು, ಕನ್ನಡಕ ಇಳಿಸಿ ಹೆಸರು ಓದಿರುತ್ತಾಳೆ, ಯಾರೋ ಅದೇ ಹೆಸರಿನವರು ಎಂದುಕೊಂಡಿರುತ್ತಾಳೆ, ಹುಟ್ಟಿದ ದಿನ, ಮನೆ ವಿಳಾಸ, ತುರ್ತಿಗೆ ಯಾರಿಗೆ ತಿಳಿಸಬೇಕು, ಅಲ್ಲಿ ಅವಳದೇ ಹೆಸರು, ಅವಳದೇ ಫೋನು, ಅದನ್ನೂ ಟೈಪು ಮಾಡಿರುತ್ತಾಳೆ, ಕೆಲಸದಲ್ಲಿ ಅವಳ ಕೈ ನಿಲ್ಲುವುದಿಲ್ಲ, ಕೊನೆಗೊಂದು ಸಾಲು ಬರುತ್ತದೆ, ಹಿಂದಿನ ಸ್ಕ್ಯಾನ್, ಅದನ್ನು ಯಾರೂ ತುಂಬಬೇಕಾಗಿಲ್ಲ, ಕಂಪ್ಯೂಟರು ತಾನೇ ಹುಡುಕಿ ತಾನೇ ಬರೆಯುತ್ತದೆ, ಇಲ್ಲ. ಇಲ್ಲ ಎಂದು ಬರೆದಿರುತ್ತದೆ. ಬೀರುವಿನಲ್ಲಿರುವ ಲಕೋಟೆ, ಅದರ ಮೇಲೆ ಅವಳೇ ದುಂಡಗೆ ಬರೆದ ತಾರೀಖು, ಕಂಪ್ಯೂಟರಿನಲ್ಲಿ ಇಲ್ಲ. ಬೈಯಲಿ, ಎಲ್ಲರ ಎದುರಿಗೆ ಬೈಯಲಿ, ಹೊಡೆಯಲಿ ಬೇಕಾದರೆ, ಅವಳಿಗೆ ಮೊದಲು ನಾನೇ ಹೇಳಬೇಕಿತ್ತು, ಒಂದೇ ಒಂದು ನಿಮಿಷ ಕೊಟ್ಟಿದ್ದರೆ ಈ ಮಂಚ ಇಳಿದು ಓಡಿಹೋಗಿ ಮೆಟ್ಟಿಲ ಮೇಲಾದರೂ ಹೇಳುತ್ತಿದ್ದೆ, ಹೊಟ್ಟೆಯ ಮೇಲೆ ಕಟ್ಟಿದ ಪಟ್ಟಿ ಬಿಗಿಯಾಗಿದೆ, ಏಳಲಾಗುತ್ತಿಲ್ಲ. ಕಣ್ಣು ಮೇಲಕ್ಕೆ ತಿರುಗಿತು, ಮೂರು ತಲೆ, ಗುಬ್ಬಿ, ಡಾಕ್ಟರಮ್ಮ, ಗೋಡೆಯ ಹತ್ತಿರ ಹುಡುಗ, ಮೂರೇ, ಇನ್ನೂ ಮೂರೇ.

ಬಾಗಿಲು ತೆರೆದ ಬೆಳಕು. ನಾಲ್ಕು. ತಲೆಕೆಳಗಾದ ನಾಲ್ಕನೇ ತಲೆ, ಕನ್ನಡಕ ನೆತ್ತಿಗೆ ಏರಿದೆ, ಎದೆಗೆ ಅವುಚಿಕೊಂಡದ್ದು ಹೊಸ ಫೈಲು, ಗುಬ್ಬಿ ಎದ್ದು ಜಾಗ ಬಿಟ್ಟಳು, ಹೆಂಡತಿ ಕೂರಲಿಲ್ಲ, ಡಾಕ್ಟರಮ್ಮ ಏನೋ ಹೇಳುತ್ತಾ ಅವಳ ತೋಳು ಹಿಡಿದರು, ಅವಳು ಕೇಳಿಸಿಕೊಳ್ಳುತ್ತಿಲ್ಲ, ಕನ್ನಡಕ ಇಳಿಸಿ ಪರದೆ ನೋಡುತ್ತಿದ್ದಾಳೆ, ಎರಡು ಸಹಿ ಒಂದೇ ಕೈಯದೋ ಅಲ್ಲವೋ ಎಂದು ನೋಡುವಾಗ ಹೀಗೆ ಬಾಗುತ್ತಾಳೆ, ಬೆರಳು ಎತ್ತಿದಳು, ಆ ಬೆರಳು ಪರದೆಯ ಮೇಲೆ ಸುರುಳಿಯ ಜಾಡು ಹಿಡಿದು ಹೋಗುತ್ತಿದೆ, ಹೋಗಿ ಒಂದು ಕಡೆ ನಿಂತಿತು, ಚಿತ್ರ ಓದಲು ಬರದವಳಿಗೂ ಗೊತ್ತಾಗುತ್ತದೆ, ಇದು ಆ ಹೊಟ್ಟೆಯಲ್ಲ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಆ ಹೊಟ್ಟೆ ಇದಲ್ಲ, ಅವಳು ನೆಟ್ಟಗಾದಳು, ಗಾಜಿನ ಕಡೆ ಬಂದಳು, ಬರಬೇಡ, ಬಾ, ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಬಂದಳು, ಗಾಜಿನೊಳಗೆ ತಾಮ್ರದ ಸಣ್ಣ ಬಲೆ ಇದೆ, ಅದರ ಹಿಂದೆ ಅವಳ ಮುಖ ಮಬ್ಬು, ಹಣೆ ಇರಬೇಕಾದಲ್ಲಿ ಬಾಯಿ, ಬಾಯಿ ಇರಬೇಕಾದಲ್ಲಿ ಹಣೆ, ಸಿಟ್ಟೋ, ಅಳುವೋ, ಇಪ್ಪತ್ತೆರಡು ವರ್ಷ ನೋಡಿದ ಮುಖ, ಒಂದು ಗೆರೆಯೂ ಅರ್ಥವಾಗುತ್ತಿಲ್ಲ, ಅವಳಿಗೂ ನನ್ನ ಮುಖ ಹೀಗೇ ಕಾಣುತ್ತಿರಬೇಕು, ತಲೆಕೆಳಗೆ, ನಾನು ಏನು ಎಂದು ಅವಳಿಗೂ ತಿಳಿಯುತ್ತಿಲ್ಲ, ಅವಳು ತಲೆ ಓರೆ ಮಾಡಿದಳು, ಇನ್ನೂ ಓರೆ ಮಾಡಿದಳು, ಭುಜಕ್ಕೆ ಕಿವಿ ತಾಗುವ ಹಾಗೆ, ಕನ್ನಡಕ ಜಾರಿ ಬಿತ್ತು, ಹೆಕ್ಕಿಕೊಳ್ಳಲಿಲ್ಲ, ಇನ್ನೂ ಬಾಗುತ್ತಿದ್ದಾಳೆ, ಅವನ ಮುಖ ನೆಟ್ಟಗೆ ಕಾಣಲಿ ಎಂದು, ಅವಳು ತಲೆ ಓರೆ ಮಾಡಿ, ಇನ್ನೂ ಓರೆ ಮಾಡಿ —